ಜೂನ್ ಒಂದಕ್ಕೆ ಹುಟ್ಟಿದೋನು, ಜುಲೈ ಎರಡರ ಗೆರೆ

ನಾನು ಹುಟ್ಟಿದ್ದು 1999ರ ನವೆಂಬರ್‌ನಲ್ಲಿ, ಬಲಿಪಾಡ್ಯಮಿ ಆಗಿ ಎಂಟು ದಿನಕ್ಕೆ ಅಂತ ಅಜ್ಜಿ ಈಗ್ಲೂ ಹೇಳ್ತಾರೆ. ಆದ್ರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಪ್ರಕಾರ ನಾನು ಹುಟ್ಟಿದ್ದು ಅದೇ ವರ್ಷ ಜೂನ್ 1ನೇ ತಾರೀಖು. ಸೇನೇಲಿ ಆಫೀಸರ್ ಆಗೋ ನನ್ನ ಆಸೆಗೆ ಅಡ್ಡ ಬಂದಿದ್ದು ಈ ತಾರೀಖೇ ಅಂತ ನಾನು ಹೇಳ್ಕೊಂಡು ಬಂದಿದೀನಿ. ನಮ್ಮ ಅರಕಲಗೂಡು ಕಡೆ ಇದೇನು ದೊಡ್ಡ ವಿಷಯ ಅಲ್ಲ, ನನ್ನ ಕ್ಲಾಸಲ್ಲೇ ಜೂನ್ 1ಕ್ಕೆ ಹುಟ್ಟಿದೋರು ಏಳೆಂಟು ಜನ ಇದ್ವಿ, ಆಗಸ್ಟ್ 15ಕ್ಕೆ ಹುಟ್ಟಿದೋನು ಒಬ್ಬ ಇದ್ದ, ಅವನು ಮಾತ್ರ ನಿಜವಾಗ್ಲೂ ಆವತ್ತೇ ಹುಟ್ಟಿದ್ದಂತೆ, ಯಾರೂ ನಂಬ್ತಿರ್ಲಿಲ್ಲ ಪಾಪ.

ಆಗಿದ್ದು ಇಷ್ಟೇ. 2005ರ ಜೂನ್, ಹೊಗೆಸೊಪ್ಪು ನಾಟಿ ಟೈಮು, ಅಪ್ಪ ಅಮ್ಮ ಇಬ್ರೂ ಬೆಳಗ್ಗೆಯಿಂದ ಸಂಜೆ ತನಕ ಹೊಲದಲ್ಲಿ, ಮನೇಲಿ ನನ್ನ ಹಿಡಿಯೋರು ಯಾರೂ ಇಲ್ಲ, ಅಪ್ಪ ನನ್ನ ಎತ್ಕೊಂಡು ಹೋಗಿ ಸ್ಕೂಲಲ್ಲಿ ಕೂರಿಸಿದ್ರು. ಮೇಷ್ಟ್ರು ಕೇಳಿದ್ರಂತೆ ವಯಸ್ಸೆಷ್ಟು ಅಂತ, ಐದೂವರೆ ಅಂದ್ರಂತೆ ಅಪ್ಪ, ಸಾಲಲ್ಲ ಅಂದ್ರಂತೆ ಮೇಷ್ಟ್ರು, ಆಮೇಲೆ ಅಪ್ಪನ ಕೈಲಿದ್ದ ಮಣ್ಣು ನೋಡಿದ್ರೋ ಏನೋ, ದಾಖಲಾತಿ ಪುಸ್ತಕ ತೆಗೆದು 1-6-1999 ಅಂತ ಬರೆದ್ರು. ಸರಿಯಾಗಿ ಆರು ವರ್ಷ. ಮುಗೀತು. ಆವತ್ತಿಂದ ನನಗೆ ಎರಡು ಹುಟ್ಟುಹಬ್ಬ, ಒಂದು ಅಜ್ಜಿ ಮಾಡೋದು, ಇನ್ನೊಂದು ಫೇಸ್‌ಬುಕ್ ಮಾಡೋದು.

ಈ ಕಥೆ ಯಾಕೆ ಅಂದ್ರೆ 2025ರಲ್ಲಿ ಒಂದ್ಸಲ ಊರಿಗೆ ಹೋಗಿದ್ದೆ, ಚಿಕ್ಕಪ್ಪನ ಮಗಳು ಪುಟ್ಟಿ ಮೊಬೈಲ್ ಹಿಡ್ಕೊಂಡು ಬಂದು ಒಂದು ವಿಡಿಯೋ ತೋರಿಸಿದ್ಳು. ಆ ವರ್ಷ ಮೇ 30ಕ್ಕೆ ಪುಣೆ ಹತ್ರ ಖಡಕ್ವಾಸ್ಲಾದ ಎನ್‌ಡಿಎದಲ್ಲಿ, ಅಂದ್ರೆ ಸೇನೆಗೆ ಆಫೀಸರ್ ಆಗೋರನ್ನ ತಯಾರು ಮಾಡೋ ಅಕಾಡೆಮಿಯಲ್ಲಿ, ಪಾಸಿಂಗ್ ಔಟ್ ಪರೇಡ್ ಆಯ್ತಲ್ಲ, 148ನೇ ಕೋರ್ಸ್‌ದು, 300ಕ್ಕೂ ಹೆಚ್ಚು ಹುಡುಗರ ಜೊತೆ ಮೊದಲನೇ ಸಲ 17 ಜನ ಹುಡುಗೀರು ಹೊರಗೆ ಬಂದ್ರಲ್ಲ, ಅದು. ಅಣ್ಣ ನಾನೂ ಹೋಗ್ತೀನಿ, ಏನ್ ಮಾಡ್ಬೇಕು ಹೇಳು ಅಂದ್ಳು. ಆಗ ತಾನೇ ಎಸ್ಸೆಸ್ಸೆಲ್ಸಿ ಮುಗಿಸಿದ್ಳು, ಪಿಯುಸಿಗೆ ಯಾವ ಕಾಂಬಿನೇಷನ್ ಅಂತ ಮನೇಲಿ ಚರ್ಚೆ ನಡೀತಾ ಇತ್ತು. ನಾನು ಮೊದಲು ಕೇಳಿದ ಪ್ರಶ್ನೆ, ನಿನ್ನ ಮಾರ್ಕ್ಸ್ ಕಾರ್ಡಲ್ಲಿ ಡೇಟ್ ಆಫ್ ಬರ್ತ್ ಏನಿದೆ? ಅವಳು ನನ್ನ ಮುಖ ನೋಡಿದ್ಳು, ಇದೇನು ಅಣ್ಣ ಓಟ, ಪುಶಪ್ಸ್ ಬಿಟ್ಟು ಇದನ್ನ ಕೇಳ್ತಾನೆ ಅಂತ.

ಓಟ ಪುಶಪ್ಸ್ ಎಲ್ಲ ಆಮೇಲೆ. ಮೊದಲು ತಾರೀಖು. ಇದು ನಾನು ಏಟು ತಿಂದು ಕಲಿತಿದ್ದು.

ಆಫೀಸರ್ ಆಗೋಕೆ ವಯಸ್ಸೆಷ್ಟಿರ್ಬೇಕು ಅಂತ ಕೇಳಿದ್ರೆ ಎಲ್ಲರೂ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಅಂತಾರೆ, ಎನ್‌ಡಿಎಗೆ ಅದು ಸರಿನೇ, ಆದ್ರೆ ಯಾವತ್ತಿಗೆ ಹದಿನಾರೂವರೆ, ಯಾವತ್ತಿಗೆ ಹತ್ತೊಂಬತ್ತೂವರೆ ಅಂತ ಯಾರೂ ಹೇಳಲ್ಲ. ಅರ್ಜಿ ಹಾಕೋ ದಿನಕ್ಕಲ್ಲ, ಪರೀಕ್ಷೆ ಬರೆಯೋ ದಿನಕ್ಕೂ ಅಲ್ಲ, ಕೋರ್ಸ್ ಶುರುವಾಗೋ ದಿನಕ್ಕೆ. ಕೋರ್ಸ್ ವರ್ಷಕ್ಕೆ ಎರಡು ಸಲ, ಜನವರಿ ಒಂದು, ಜುಲೈ ಒಂದು. ಏಪ್ರಿಲ್ ಸುಮಾರಿಗೆ ಬರೆದ ಪರೀಕ್ಷೆಗೆ ಮುಂದಿನ ಜನವರಿ ಕೋರ್ಸು, ಸೆಪ್ಟೆಂಬರ್ ಸುಮಾರಿಗೆ ಬರೆದಿದ್ದಕ್ಕೆ ಮುಂದಿನ ಜುಲೈ ಕೋರ್ಸು. ಹಾಗಾಗಿ ಯುಪಿಎಸ್‌ಸಿ ನೋಟಿಫಿಕೇಶನ್‌ನಲ್ಲಿ ವರ್ಷದ ಲೆಕ್ಕ ಇರಲ್ಲ, ಇಂಥ ದಿನಕ್ಕಿಂತ ಮುಂಚೆ ಹುಟ್ಟಿರಬಾರ್ದು, ಇಂಥ ದಿನ ಕಳೆದ ಮೇಲೆ ಹುಟ್ಟಿರಬಾರ್ದು ಅಂತ ಎರಡು ತಾರೀಖು ಕೊಟ್ಟು ಸುಮ್ಮನಾಗ್ತಾರೆ. ಅದರಲ್ಲಿ ಮೊದಲನೇ ತಾರೀಖು ನಾನು ನೋಡಿದಾಗೆಲ್ಲ ಒಂದೋ ಜನವರಿ 2, ಇಲ್ಲಾ ಜುಲೈ 2 ಇರ್ತಿತ್ತು.

ನಾನು ಎನ್‌ಡಿಎ ಅನ್ನೋ ಹೆಸರನ್ನ ಸರಿಯಾಗಿ ಕೇಳಿದ್ದು 2018ರ ಜನವರಿಯಲ್ಲಿ. ಹಾಸನದಲ್ಲಿ ಬಿಕಾಂ ಮೊದಲನೇ ವರ್ಷ, ಹಾಸ್ಟೆಲಲ್ಲಿ ರೂಮ್‌ಮೇಟ್ ಒಬ್ಬ ಅರ್ಜಿ ಹಾಕೋಕೆ ಸೈಬರ್ ಸೆಂಟರ್‌ಗೆ ಹೊರಟಿದ್ದ, ನೀನೂ ಬಾ ಅಂದ, ಹೋದೆ. ನೂರು ರೂಪಾಯಿ ಫೀಸು, ಪಿಯುಸಿ ಆಗಿದ್ರೆ ಸಾಕು, ಆಯ್ಕೆ ಆದ್ರೆ ಓದಿಸೋದು ಅವ್ರೇ, ಮುಗಿದ್ಮೇಲೆ ಲೆಫ್ಟಿನೆಂಟ್. ಇಷ್ಟು ಒಳ್ಳೆ ವಿಷಯನ ನನಗೆ ಯಾಕೆ ಯಾರೂ ಹೇಳಿಲ್ಲ ಅನ್ಕೊಂಡು ಕೂತೆ. ಸೈಬರ್‌ನೋನು ನನ್ನ ತಾರೀಖು ಹೊಡೆದ, ನೋಟಿಫಿಕೇಶನ್ ನೋಡಿದ, ನಿಂದು ಆಗಲ್ಲ ಕಣೋ ಅಂದ. ಆ ಸಲದ ಗೆರೆ 1999ರ ಜುಲೈ 2. ಅದಕ್ಕಿಂತ ಮುಂಚೆ ಹುಟ್ಟಿರಬಾರ್ದು. ನಾನು ಕಾಗದದ ಮೇಲೆ ಜೂನ್ 1. ಮೂವತ್ತೊಂದು ದಿನಕ್ಕೆ ಹೋಯ್ತು!

ಸರ್ ನಾನು ನಿಜವಾಗ್ಲೂ ಹುಟ್ಟಿದ್ದು ನವೆಂಬರಲ್ಲಿ ಅಂದೆ ಅವನಿಗೆ. ಅವನು ನಕ್ಕು ನೋಟಿಫಿಕೇಶನ್‌ನಲ್ಲಿ ಒಂದು ಪ್ಯಾರಾ ತೋರಿಸಿದ. ಅದನ್ನ ಎಲ್ಲರೂ ಒಂದ್ಸಲ ಓದ್ಬೇಕು, ಹತ್ತನೇ ಕ್ಲಾಸಿನ ಸರ್ಟಿಫಿಕೇಟಲ್ಲಿ ಏನಿದೆಯೋ ಅದೇ ನಿಮ್ಮ ಹುಟ್ಟಿದ ದಿನ, ಅದನ್ನ ಬಿಟ್ಟು ಜಾತಕ, ಅಫಿಡವಿಟ್ಟು, ಮುನ್ಸಿಪಾಲಿಟಿ ಜನನ ದಾಖಲೆ ಏನೂ ನಡೆಯಲ್ಲ ಅಂತ ಸ್ಪಷ್ಟವಾಗಿ ಇದೆ. ಜಾತಕ ಅನ್ನೋ ಪದನ ಕೇಂದ್ರ ಸರ್ಕಾರ ಎಲ್ಲಾದ್ರೂ ಬರೆದಿದ್ರೆ ಅಲ್ಲೇ ಇರ್ಬೇಕು. ನಮ್ಮಜ್ಜಿ ಟ್ರಂಕಲ್ಲಿ ನನ್ನ ಜಾತಕ ಇದೆ, ನಕ್ಷತ್ರ ಪಾದ ಎಲ್ಲ ಇದೆ, ಅದನ್ನ ದೆಹಲಿಗೆ ತಗೊಂಡು ಹೋಗಿ ಪ್ರಯೋಜನ ಇಲ್ಲ. ಒಂದ್ಸಲ ಒಂದು ತಾರೀಖು ಕೊಟ್ರೆ ಆಮೇಲೆ ಬದಲಾಯಿಸೋಕೂ ಆಗಲ್ಲ.

ಈ ಬದಲಾಯಿಸೋ ಕಥೆಯಲ್ಲಿ ನನಗಿಂತ ದೊಡ್ಡೋರೇ ಸೋತಿದ್ದಾರೆ. ಜನರಲ್ ವಿ.ಕೆ. ಸಿಂಗ್ ಗೊತ್ತಲ್ಲ, 2010ರಲ್ಲಿ ಭೂಸೇನೆ ಮುಖ್ಯಸ್ಥರಾದೋರು. ಅವರ ಮೆಟ್ರಿಕ್ ಸರ್ಟಿಫಿಕೇಟ್ ಪ್ರಕಾರ ಹುಟ್ಟಿದ್ದು 1951ರ ಮೇ 10, ಆದ್ರೆ ಹುಡುಗನಾಗಿದ್ದಾಗ ತುಂಬಿದ ಎನ್‌ಡಿಎ ಅರ್ಜಿಯಲ್ಲಿ 1950 ಅಂತ ಬಿದ್ದಿತ್ತು. ಸೇನೆಯ ಒಂದು ವಿಭಾಗದ ದಾಖಲೆಯಲ್ಲಿ ಐವತ್ತು, ಇನ್ನೊಂದು ವಿಭಾಗದಲ್ಲಿ ಐವತ್ತೊಂದು, ಹಾಗೇ ನಲವತ್ತು ವರ್ಷದ ಮೇಲೆ ನಡೆದೋಯ್ತು. ಕೊನೆಗೆ 2012ರಲ್ಲಿ ಅವರು ಅಧಿಕಾರದಲ್ಲಿ ಇರುವಾಗ್ಲೇ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ್ರು, ಫೆಬ್ರವರಿ 10ಕ್ಕೆ ಅರ್ಜಿ ವಾಪಸ್ ತಗೊಂಡ್ರು, ಮೇ 31ಕ್ಕೆ ನಿವೃತ್ತಿ. ಐವತ್ತೊಂದು ಅಂತ ಒಪ್ಪಿದ್ರೆ ಇನ್ನೂ ಹತ್ತು ತಿಂಗಳು ಇರ್ತಿದ್ರು. ಪುಟ್ಟಿ ತೋರಿಸಿದ ವಿಡಿಯೋದಲ್ಲಿ ಜೀಪಲ್ಲಿ ನಿಂತು ಸೆಲ್ಯೂಟ್ ತಗೋತಾ ಇದ್ದೋರು ಯಾರು ಅಂತೀರ? ಅವರೇ, ಆಗ ಮಿಜೋರಾಂ ರಾಜ್ಯಪಾಲರು. ನಾನು ಅದನ್ನ ನೋಡಿ ನಕ್ಕಿದ್ದು ಪುಟ್ಟಿಗೆ ಅರ್ಥ ಆಗ್ಲಿಲ್ಲ, ಕೂರಿಸ್ಕೊಂಡು ಹೇಳಿದೆ.

ಸರಿ, ನನ್ನ ಕಥೆಗೆ ಬರ್ತೀನಿ. ಎನ್‌ಡಿಎ ಹೋದ್ರೆ ಹೋಗ್ಲಿ, ಡಿಗ್ರಿ ಮೇಲೆ ಸಿಡಿಎಸ್ ಅನ್ನೋ ಇನ್ನೊಂದು ಯುಪಿಎಸ್‌ಸಿ ಪರೀಕ್ಷೆ ಇದೆ ಅಂತ ರೂಮ್‌ಮೇಟ್ ಹೇಳಿದ್ದ. ಅದರಲ್ಲಿ ಡೆಹ್ರಾಡೂನ್‌ನ ಮಿಲಿಟರಿ ಅಕಾಡೆಮಿ ಐಎಂಎಗೆ 19ರಿಂದ 24, ಏರ್‌ಫೋರ್ಸ್ ಅಕಾಡೆಮಿಗೆ 20ರಿಂದ 24, ಪೈಲಟ್ ಲೈಸೆನ್ಸ್ ಇದ್ದೋರಿಗೆ 26 ತನಕ, ನೇವಿಗೆ ಇಂಜಿನಿಯರಿಂಗ್ ಬೇಕು, ಚೆನ್ನೈನ ಆಫೀಸರ್ ಟ್ರೇನಿಂಗ್ ಅಕಾಡೆಮಿ ಓಟಿಎಗೆ 19ರಿಂದ 25. ಓಟಿಎ ಅಂದ್ರೆ ಶಾರ್ಟ್ ಸರ್ವಿಸ್, ಹತ್ತು ವರ್ಷ, ಬೇಕಂದ್ರೆ ಇನ್ನೂ ನಾಲ್ಕು, ಲಿಖಿತ ಪರೀಕ್ಷೇಲಿ ಗಣಿತ ಇಲ್ಲ, ಅದೊಂದೇ ಕಾರಣಕ್ಕೆ ನನಗೆ ಅದರ ಮೇಲೆ ಪ್ರೀತಿ. ಇನ್ನೊಂದು ಮಾತು, ಐಎಎಸ್ ಪರೀಕ್ಷೆ ಥರ ಇಲ್ಲಿ ಕೆಟಗರಿ ಮೇಲೆ ವಯಸ್ಸಿನ ಸಡಿಲಿಕೆ ಇಲ್ಲ, ಯಾವ ಜಾತಿ ಸರ್ಟಿಫಿಕೇಟ್ ಕೊಟ್ರೂ ಗೆರೆ ಅದೇ. ಮದುವೆ ಆಗಿರಬಾರ್ದು ಅನ್ನೋದು ಬೇರೆ. ನಮ್ಮಮ್ಮನಿಗೆ ಈ ಒಂದು ನಿಯಮ ಮಾತ್ರ ಸುತಾರಾಂ ಇಷ್ಟ ಆಗಿರ್ಲಿಲ್ಲ.

ಬರೆದೆ, ಫೇಲು. ಬರೆದೆ, ಫೇಲು. ಪೇಪರು ಇಂಗ್ಲಿಷು ಹಿಂದಿ ಎರಡೇ ಭಾಷೇಲಿ ಇರೋದು, ಕನ್ನಡ ಮೀಡಿಯಂ ಹುಡುಗನಿಗೆ ಇಂಗ್ಲಿಷ್ ಪೇಪರ್ ಅಂದ್ರೆ ಮೊದಲನೇ ಅರ್ಧ ಗಂಟೆ ಹೆದರಿಕೆಗೇ ಹೋಗುತ್ತೆ. ಹಾಗೇ 2022 ಬಂತು. ಆ ವರ್ಷ ಎರಡನೇ ಸಿಡಿಎಸ್‌ಗೆ ಐಎಂಎ ಗೆರೆ ಎಷ್ಟು ಗೊತ್ತಾ, 1999ರ ಜುಲೈ 2. ನಾನು ಮತ್ತೆ ಮೂವತ್ತೊಂದು ದಿನ ದೊಡ್ಡೋನು! ಸರಿ ಐಎಂಎ ಬಾಗಿಲು ಮುಚ್ಚಿತು, ಓಟಿಎ ಇದೆ ಅಂತ 2023ರ ಮೊದಲನೇ ಸಿಡಿಎಸ್ ಬರೆದೆ, ಏಪ್ರಿಲ್ 16ಕ್ಕೆ, ಅಂತೂ ಲಿಖಿತ ಪಾಸಾಯ್ತು, ಎಸ್‌ಎಸ್‌ಬಿಗೆ, ಅಂದ್ರೆ ಆಫೀಸರ್ ಆಯ್ಕೆಯ ಪರೀಕ್ಷೆ ಸಂದರ್ಶನಕ್ಕೆ, ಬೆಂಗಳೂರಿಗೆ ಕರೆ ಬಂತು. ಅದೇ ಹೊತ್ತಿಗೆ ಎರಡನೇ ಸಿಡಿಎಸ್ ನೋಟಿಫಿಕೇಶನ್ನೂ ಬಂದಿತ್ತು, ಓಟಿಎ ಗೆರೆ 1999ರ ಜುಲೈ 2. ಅಂದ್ರೆ ಇದೇ ನನ್ನ ಕೊನೇ ಸಲ. ಅದು ಗೊತ್ತಿದ್ದೇ ಒಳಗೆ ಹೋದೆ, ಗೊತ್ತಿರದೇ ಇದ್ದಿದ್ರೇ ಒಳ್ಳೇದಿತ್ತೇನೋ.

ಐದು ದಿನ. ಮೊದಲನೇ ದಿನ ಸ್ಕ್ರೀನಿಂಗು, ಒಂದು ಮಸುಕು ಚಿತ್ರ ತೋರಿಸಿ ಕಥೆ ಬರೆಸ್ತಾರೆ, ಆಮೇಲೆ ಗುಂಪಲ್ಲಿ ಮಾತಾಡ್ಸ್ತಾರೆ, ಅಂದ್ರೆ ಮೀನು ಮಾರ್ಕೆಟ್ ಆಗುತ್ತೆ ಅಂತ ಇಟ್ಕೊಳ್ಳಿ. ಅಲ್ಲೇ ಸುಮಾರು ಜನ ಬ್ಯಾಗ್ ಎತ್ಕೊಂಡು ಹೋದ್ರು, ನಾನು ಉಳ್ಕೊಂಡೆ, ಎದೆ ಮೇಲೆ ನಂಬರ್ ಕಟ್ಟಿಸ್ಕೊಂಡೆ. ಎರಡನೇ ದಿನ ಬರೀ ಬರೆಯೋದು, ಅರವತ್ತು ಪದ ಒಂದಾದ ಮೇಲೆ ಒಂದು, ಪ್ರತಿ ಪದಕ್ಕೆ ಹದಿನೈದು ಸೆಕೆಂಡು, ನೋಡಿದ ತಕ್ಷಣ ಮನಸಿಗೆ ಬಂದಿದ್ದು ಬರೀಬೇಕು. ನನಗೆ ಮೊದಲು ಕನ್ನಡದಲ್ಲಿ ಬರುತ್ತೆ, ಅದನ್ನ ಇಂಗ್ಲಿಷ್ ಮಾಡೋ ಹೊತ್ತಿಗೆ ಮುಂದಿನ ಪದ. ಆಮೇಲೆ ಮೈದಾನ, ಹಲಗೆ ಹಗ್ಗ ಡ್ರಮ್ಮು ಇಟ್ಕೊಂಡು ಗುಂಪು ದಾಟೋದು, ಇದರಲ್ಲಿ ನಾನು ಚೆನ್ನಾಗೇ ಮಾಡ್ದೆ ಅನ್ಕೋತೀನಿ, ಹೊಗೆಸೊಪ್ಪು ಒಣಗಿಸೋ ಬ್ಯಾರನ್‌ಗೆ ಸೊಪ್ಪು ಏರಿಸಿದೋರಿಗೆ ಹಲಗೆ ಹಗ್ಗ ಹೊಸದಲ್ಲ. ಇಂಟರ್‌ವ್ಯೂನಲ್ಲಿ ಕೂತಿದ್ದ ಆಫೀಸರ್ ಬಹಳ ಸಮಾಧಾನದ ಮನುಷ್ಯ, ಇಷ್ಟು ವರ್ಷದಲ್ಲಿ ಇದು ಮೊದಲನೇ ಎಸ್‌ಎಸ್‌ಬಿ ಯಾಕೆ ಅಂತ ಕೇಳಿದ್ರು. ನಾನು ಜೂನ್ 1ರ ಕಥೆ ಶುರು ಮಾಡ್ದೆ. ಅರ್ಧಕ್ಕೆ ನನಗೇ ಅನ್ನಿಸ್ತು, ಅವರು ಕೇಳಿದ್ದು ಇದನ್ನಲ್ಲ ಅಂತ. ಆದ್ರೂ ಪೂರ್ತಿ ಹೇಳಿ ಮುಗಿಸ್ದೆ, ಬಾಯಿ ನಿಲ್ಲಬೇಕಲ್ಲ. ಐದನೇ ದಿನ ಕಾನ್ಫರೆನ್ಸ್, ಆಯ್ಕೆ ಆದ ನಂಬರ್ ಓದಿದ್ರು, ಮೂರು ನಂಬರ್, ನಂದಿರ್ಲಿಲ್ಲ. ಆಯ್ಕೆ ಆದೋರಲ್ಲಿ ಒಬ್ಬನಿಗೆ ಅದು ಏಳನೇ ಎಸ್‌ಎಸ್‌ಬಿ. ಅವನ ವಯಸ್ಸು ಕೇಳ್ದೆ, ಇಪ್ಪತ್ತೆರಡು. ಹದಿನೇಳಕ್ಕೆ ಶುರು ಮಾಡಿದ್ನಂತೆ, ಅವರಪ್ಪ ಸುಬೇದಾರ್, ಮನೇಲೇ ಎಲ್ಲ ಗೊತ್ತಿತ್ತು.

ಆಮೇಲೂ ಸುಮ್ಮನಿರ್ಲಿಲ್ಲ. ಏರ್‌ಫೋರ್ಸ್‌ನ ಎಎಫ್‌ಕ್ಯಾಟ್ ಪರೀಕ್ಷೆ ಇದೆ, ಹಾರೋ ಬ್ರಾಂಚಿಗೆ 24ರ ತನಕ, ನೆಲದ ಮೇಲಿನ ಕೆಲಸಕ್ಕೆ 26ರ ತನಕ, ಬಿಕಾಂನೋರಿಗೆ ಅಕೌಂಟ್ಸ್ ಬ್ರಾಂಚ್ ಇದೆ. 2024ರ ಮೊದಲನೇ ಪರೀಕ್ಷೆ ಬರೆದೆ, ಆಗ್ಲಿಲ್ಲ. ಎರಡನೇದಕ್ಕೆ ನೋಟಿಫಿಕೇಶನ್ ತೆಗೆದ್ರೆ ಗೆರೆ ಎಲ್ಲಿ? ಹೇಳೋದೇ ಬೇಡ. 1999, ಜುಲೈ, 2. ಆ ತಾರೀಖಿಗೆ ಹುಟ್ಟಿದೋನು ದೇಶದಲ್ಲಿ ಎಲ್ಲೋ ಒಬ್ಬ ಇರ್ತಾನೆ, ನಾನು ಹೋದ ಕಡೆಯೆಲ್ಲ ಬಾಗಿಲ ಹತ್ರ ನಿಂತ್ಕೊಂಡು ಒಳಗೆ ಹೋಗ್ತಾ ನನಗೆ ಟಾಟಾ ಮಾಡ್ತಾನೆ ಅನ್ನಿಸೋದು.

ನಾನೀಗ ಬೆಂಗಳೂರಲ್ಲಿ ಒಂದು ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ರಿಟರ್ನ್ಸ್ ಫೈಲ್ ಮಾಡೋ ಕೆಲಸ ಮಾಡ್ತಾ ಇದೀನಿ, ತಿಂಗಳಿಗೊಂದ್ಸಲ 20ನೇ ತಾರೀಖು ನಮಗೆ ಯುದ್ಧ. ಆದ್ರೆ ನಮ್ಮಲ್ಲಿ 20 ದಾಟಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ ಕಟ್ಟಿ ಒಳಗೆ ಹೋಗ್ಬೋದು. ಅಲ್ಲಿ ಆ ಕಿಟಕಿ ಇಲ್ಲ.

ಇರಬಾರ್ದು ಕೂಡ, ಅದನ್ನೂ ಹೇಳಿಬಿಡ್ತೀನಿ. ವಯಸ್ಸಿನ ಮಿತಿ ಅನ್ಯಾಯ ಅಂತ ನಾನು ಹೇಳ್ತಿಲ್ಲ. ಎನ್‌ಡಿಎ ಪರೇಡ್ ಆಗೋ ಮೈದಾನಕ್ಕೆ ಅರುಣ್ ಖೇತರ್‌ಪಾಲ್ ಹೆಸರಿಟ್ಟಿದ್ದಾರೆ, ಅವರು 1971ರ ಜೂನಲ್ಲಿ ಕಮಿಷನ್ ಆದ್ರು, ಡಿಸೆಂಬರ್ 16ಕ್ಕೆ ಬಸಂತರ್ ಕದನದಲ್ಲಿ ಟ್ಯಾಂಕ್ ಒಳಗೇ ತೀರ್ಕೊಂಡ್ರು, ಪರಮವೀರ ಚಕ್ರ ಬಂತು, ವಯಸ್ಸು 21. ಆಫೀಸರ್ ಆಗಿ ಸರಿಯಾಗಿ ಆರು ತಿಂಗಳು. ಚಿಕ್ಕ ಆಫೀಸರು ಅಂದ್ರೆ ಹುಡುಗರ ಮುಂದೆ ತಾನೇ ಮೊದಲು ಓಡಬೇಕಾದೋನು, ಮೂವತ್ತೈದಕ್ಕೆ ಮಂಡಿ ನೋವು ಅನ್ನೋನನ್ನ ಅಲ್ಲಿಗೆ ಕಳಿಸೋಕಾಗಲ್ಲ. ಎರಡು ವರ್ಷಕ್ಕೆ ಕ್ಯಾಪ್ಟನ್, ಆರಕ್ಕೆ ಮೇಜರ್, ಹದಿಮೂರಕ್ಕೆ ಲೆಫ್ಟಿನೆಂಟ್ ಕರ್ನಲ್, ಆಮೇಲೆ ಮೇಲೆ ಹೋದ ಹಾಗೆ ಜಾಗ ಕಮ್ಮಿ, ಕರ್ನಲ್ 54ಕ್ಕೆ ನಿವೃತ್ತಿ, ಬ್ರಿಗೇಡಿಯರ್ 56ಕ್ಕೆ, ಮೇಜರ್ ಜನರಲ್ 58ಕ್ಕೆ. ಮೇಲಿಂದ ಲೆಕ್ಕ ಹಾಕ್ಕೊಂಡು ಕೆಳಗೆ ಬಂದ್ರೆ ಶುರು ಆಗ್ಬೇಕಾದ ವಯಸ್ಸು ತಾನಾಗೇ ಇಪ್ಪತ್ತರ ಆಸುಪಾಸಿಗೆ ಬಂದು ನಿಲ್ಲುತ್ತೆ.

ನಮ್ಮ ಪಕ್ಕದ ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು 1919ರಲ್ಲಿ ಆಫೀಸರ್ ಆದಾಗ 20 ವರ್ಷ, ಮಡಿಕೇರಿಯ ತಿಮ್ಮಯ್ಯನವರು 1926ರಲ್ಲಿ ಸ್ಯಾಂಡ್‌ಹರ್ಸ್ಟ್ ಮುಗಿಸಿ ಬಂದಾಗ ಇನ್ನೂ 20 ತುಂಬಿರ್ಲಿಲ್ಲ. 1949ರ ಜನವರಿ 15ಕ್ಕೆ ಕಾರ್ಯಪ್ಪನವರು ಇಡೀ ಸೇನೆಯ ದಂಡನಾಯಕರಾದಾಗ ಅವರಿಗೆ 49, ಐವತ್ತು ತುಂಬೋಕೆ ಹದಿಮೂರು ದಿನ ಬಾಕಿ. ಈಗಿನ ಲೆಕ್ಕದಲ್ಲಿ ಆ ವಯಸ್ಸಿಗೆ ಕರ್ನಲ್ಲೋ ಬ್ರಿಗೇಡಿಯರ್ರೋ ಆಗಿರ್ತಾರೆ. ಈ ಕಥೆಗಳನ್ನ ಕೇಳ್ಕೊಂಡೇ ಬೆಳೆದೋರು ನಾವು, ಕುಶಾಲನಗರಕ್ಕೆ ಹೋಗೋವಾಗ ಕೂಡಿಗೆ ಸೈನಿಕ ಶಾಲೆ ಬೋರ್ಡ್ ನೋಡಿದೀವಿ, ಆದ್ರೆ ಒಳಗೆ ಹೋಗೋಕೆ ಆರನೇ ಕ್ಲಾಸಿಗೆ ಇಂತಿಷ್ಟು ವಯಸ್ಸು ಇರ್ಬೇಕು, ಒಂಬತ್ತನೇ ಕ್ಲಾಸಿಗೆ ಇಂತಿಷ್ಟು ಇರ್ಬೇಕು ಅಂತ ನಮ್ಮೂರಲ್ಲಿ ಒಬ್ರಿಗೂ ಗೊತ್ತಿರ್ಲಿಲ್ಲ. ಕಥೆ ಗೊತ್ತಿತ್ತು, ಕಾಗದ ಗೊತ್ತಿರ್ಲಿಲ್ಲ.

ಪಕ್ಕದ ಹಳ್ಳಿಯ ನನ್ನ ಗೆಳೆಯ ಒಬ್ಬ ಪಿಯುಸಿ ಆದ ಕೂಡಲೇ ರ‍್ಯಾಲಿಯಲ್ಲಿ ಓಡಿ ಜವಾನನಾಗಿ ಸೇರ್ಕೊಂಡ. ನಾನು ಆಗ ಮನಸಲ್ಲೇ ಅನ್ಕೊಂಡಿದ್ದೆ, ಸ್ವಲ್ಪ ತಡ್ಕೊಂಡು ಡಿಗ್ರಿ ಮಾಡಿದ್ರೆ ಆಫೀಸರ್ ಆಗ್ಬೋದಿತ್ತಲ್ಲ ಇವನು ಅಂತ. ಈಗ ನೋಡಿ, ಅವನಿಗೆ ಒಳಗಡೆಯಿಂದಲೇ ದಾರಿ ಇದೆ, ಎರಡು ವರ್ಷ ಸರ್ವಿಸ್ ಆಗಿ 20ರಿಂದ 27ರ ಒಳಗಿದ್ರೆ ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿಗೆ ಬರೀಬೋದು, ಅದು ತಪ್ಪಿದ್ರೆ 28ರಿಂದ 35ರ ತನಕ ಸ್ಪೆಷಲ್ ಕಮಿಷನ್ ಅಂತ ಇನ್ನೊಂದು, ಅದಕ್ಕೆ ಐದು ವರ್ಷ ಸರ್ವಿಸ್ ಬೇಕು. ಕೆಳಗಿಂದ ಹೋದೋನಿಗೆ 35ರ ತನಕ ಬಾಗಿಲು ತೆಗೆದಿದೆ, ಮೇಲಿಂದಲೇ ಹೋಗ್ತೀನಿ ಅಂದ ನನಗೆ 25ಕ್ಕೇ ಹಾಕ್ಬಿಟ್ರು. ರಜಕ್ಕೆ ಬಂದಾಗ ಇದನ್ನ ಹೇಳಿ ಚೆನ್ನಾಗಿ ರೇಗಿಸ್ತಾನೆ.

ಬೇರೆಯೋರಿಗೆ ಬೇರೆ ಲೆಕ್ಕ ಇದೆ, ಬಿಇ ಮಾಡಿದೋರಿಗೆ 27ರ ತನಕ ಟಿಜಿಸಿ ಅನ್ನೋ ಕೋರ್ಸ್, ಲಾ ಓದಿದೋರಿಗೂ 27, ಎಂಬಿಬಿಎಸ್ ಡಾಕ್ಟರ್‌ಗೆ 30, ಪಿಜಿ ಮಾಡಿದ್ರೆ 35. ಅವೆಲ್ಲ ಓದಿದೋರು ಅವರೇ ಹುಡುಕ್ಕೋತಾರೆ ಬಿಡಿ. ನನಗೆ ಉಳಿದಿರೋದು ಟೆರಿಟೋರಿಯಲ್ ಆರ್ಮಿ, 18ರಿಂದ 42, ಡಿಗ್ರಿ ಇರ್ಬೇಕು, ದುಡಿಮೆ ಇರ್ಬೇಕು, ವರ್ಷಕ್ಕೆ ಎರಡು ತಿಂಗಳು ಟ್ರೇನಿಂಗ್‌ಗೆ ಹೋಗ್ಬೇಕು. ಸೀಟು ತೀರಾ ಕಮ್ಮಿ. ಅಲ್ಲಿ ಜುಲೈ 2 ಇಲ್ಲ, ಅರ್ಜಿ ಹಾಕೋ ದಿನಕ್ಕೆ ನಲವತ್ತೆರಡರ ಒಳಗಿದ್ರೆ ಸಾಕು. ನಮ್ಮ ಆಡಿಟರ್ ಸಾಹೇಬ್ರು ಮಾರ್ಚ್ ತಿಂಗಳು ಬಿಟ್ಟು ಯಾವಾಗ ಬೇಕಾದ್ರೂ ಹೋಗಿ ಬಾ ಅಂದಿದಾರೆ, ನೋಡೋಣ.

ಈಗ ಪುಟ್ಟಿ ವಿಷಯ. ಅವಳು ಆಸ್ಪತ್ರೇಲಿ ಹುಟ್ಟಿದ್ದು, 2009ರ ಮಾರ್ಚ್ 14, ಜನನ ಪ್ರಮಾಣಪತ್ರ, ಆಧಾರು, ಮಾರ್ಕ್ಸ್ ಕಾರ್ಡ್ ಎಲ್ಲದ್ರಲ್ಲೂ ಅದೇ ಇದೆ, ನಮ್ಮ ವಂಶದಲ್ಲೇ ಒಂದೇ ಹುಟ್ಟುಹಬ್ಬ ಇರೋ ಮೊದಲನೇ ವ್ಯಕ್ತಿ. ಊಟ ಆದ್ಮೇಲೆ ಜಗಲಿ ಮೇಲೆ ಕೂತ್ಕೊಂಡು ಅವಳ ಹಳೇ ನೋಟ್‌ಬುಕ್ ಹಿಂದಿನ ಹಾಳೇಲಿ ಲೆಕ್ಕ ಹಾಕಿದ್ವಿ. ಹದಿನಾರೂವರೆ ಆಗೋದು 2025ರ ಸೆಪ್ಟೆಂಬರಿಗೆ, ಹತ್ತೊಂಬತ್ತೂವರೆ 2028ರ ಸೆಪ್ಟೆಂಬರಿಗೆ. ಆ ಮಧ್ಯೆ ಶುರುವಾಗೋ ಕೋರ್ಸ್ ಎಷ್ಟು? 2026ರ ಜನವರಿಯಿಂದ 2028ರ ಜುಲೈ ತನಕ ಆರು. ಆರು ಸಲ ಬರೀಬೋದು ಅಂತ ಅವಳು ಕುಣಿದ್ಳು. ತಡಿ ಅಂದೆ. ಎರಡನೇ ಪಿಯುಸಿಗೆ ಬರೋ ತನಕ ಅರ್ಜಿನೇ ಹಾಕೋಕಾಗಲ್ಲ, ಮೊದಲನೇ ಪಿಯುಸಿಯೋರನ್ನ ತಗೊಳ್ಳಲ್ಲ, ಹಾಗಾಗಿ ಮೊದಲಿನ ಮೂರು ಹೋಯ್ತು. ಉಳಿದಿದ್ದು ಮೂರು, 2026ರ ಎರಡನೇ ಪರೀಕ್ಷೆ, 2027ರ ಎರಡೂ ಪರೀಕ್ಷೆ. ಅಷ್ಟೇ. ಮೂರೇ ಮೂರು ಸಲ, ಅದ್ರಲ್ಲಿ ಮೊದಲನೇದು ಎರಡನೇ ಪಿಯುಸಿ ಶುರುವಾಗಿ ಮೂರ್ನಾಲ್ಕು ತಿಂಗಳಿಗೇ ಬಂದ್ಬಿಡುತ್ತೆ.

ಕಾಂಬಿನೇಷನ್ ವಿಷಯಾನೂ ಆವತ್ತೇ ತೀರ್ಮಾನ ಆಯ್ತು. ಆರ್ಮಿ ಮಾತ್ರ ಆದ್ರೆ ಆರ್ಟ್ಸ್ ಕಾಮರ್ಸ್ ಯಾವುದಾದ್ರೂ ನಡೆಯುತ್ತೆ, ನೇವಿ ಏರ್‌ಫೋರ್ಸ್ ಬೇಕಂದ್ರೆ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಬೇಕೇ ಬೇಕು, ಮತ್ತೆ ಯಾವುದಕ್ಕೆ ಹೋದ್ರೂ ಪರೀಕ್ಷೇಲಿ ಗಣಿತ 300 ಮಾರ್ಕ್ಸಿಗೆ ಇದ್ದೇ ಇದೆ, ಜನರಲ್ ಎಬಿಲಿಟಿ 600, ಎಸ್‌ಎಸ್‌ಬಿ 900. ಚಿಕ್ಕಮ್ಮ ಒಳಗಿಂದಲೇ ಹುಡುಗೀರಿಗೆ ಅದೆಲ್ಲ ತಗೋತಾರಾ ಅಂದ್ರು. ನಾಲ್ಕು ವರ್ಷದ ಹಿಂದೆ ಕೇಳಿದ್ರೆ ಇಲ್ಲ ಅನ್ಬೇಕಿತ್ತು ಚಿಕ್ಕಮ್ಮ ಅಂದೆ, 2021ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಆ ವರ್ಷ ನವೆಂಬರ್ ಪರೀಕ್ಷೆಗೆ ಮೊದಲನೇ ಸಲ ಕೂರಿಸಿದ್ರು. ಆ ಹೊತ್ತಿಗೆ ಹತ್ತೊಂಬತ್ತೂವರೆ ದಾಟಿದ್ದ ಹುಡುಗೀರನ್ನ ನೆನೆಸ್ಕೊಂಡ್ರೆ ನನ್ನ ಮೂವತ್ತೊಂದು ದಿನ ಏನೂ ಅಲ್ಲ, ಅವರ ಮಾರ್ಕ್ಸ್ ಕಾರ್ಡಲ್ಲಿ ಯಾವ ತಾರೀಖು ಇದ್ರೂ ಬಾಗಿಲೇ ಇರ್ಲಿಲ್ಲವಲ್ಲ.

ಲೆಕ್ಕ ಮುಗೀತು ಅಂತ ನಾನು ಏಳೋಕೆ ಹೊರಟೆ, ಪುಟ್ಟಿ ಪೆನ್ಸಿಲ್ ಇಟ್ಕೊಂಡು ಇನ್ನೂ ಏನೋ ಬರೀತಾ ಇದ್ಳು. ಅಣ್ಣ, ನೀನು ಪಿಯುಸಿ ಮುಗಿಸಿದ್ದು ಯಾವಾಗ? 2017 ಅಂದೆ. ಮತ್ತೆ ನಿಂಗೂ ಮೂರು ಇತ್ತಲ್ಲ ಅಂದ್ಳು.

ನೋಡಿದೆ. 2016ರ ಎರಡನೇ ಪರೀಕ್ಷೆ, 2017ರ ಮೊದಲನೇದು, 2017ರ ಎರಡನೇದು. ಜೂನ್ 1, 1999 ಅಂತ ಇಟ್ಕೊಂಡ್ರೂ ಮೂರೂ ಗೆರೆ ಒಳಗೇ ಇವೆ. ನಾನು ಆ ಮೂರೂ ಕಳೆದ ಮೇಲೆ ಸೈಬರ್ ಸೆಂಟರಿಗೆ ಹೋಗಿದ್ದು.

ಅಷ್ಟಕ್ಕೇ ಬಿಡ್ಲಿಲ್ಲ ಅವಳು. ಮೇಷ್ಟ್ರು ನಿಜವಾದ ತಾರೀಖೇ ಬರೆದಿದ್ರೆ ಏನಾಗ್ತಿತ್ತು ಅಂದ್ಳು. ಏನಾಗ್ತಿತ್ತು, ಒಂದು ಸಲ ಜಾಸ್ತಿ ಸಿಗ್ತಿತ್ತು, ಏಳು ವರ್ಷದಿಂದ ನಾನು ಹೇಳ್ಕೊಂಡು ತಿರುಗ್ತಿರೋದೇ ಅದು ಅಂದೆ. ಅಲ್ಲ ಅಣ್ಣ, ವಯಸ್ಸು ಸಾಲ್ತಿರ್ಲಿಲ್ಲ, ಮುಂದಿನ ವರ್ಷ ಸೇರಿಸ್ತಿದ್ರು, ಆಗ ನಿನ್ನ ಪಿಯುಸಿ 2018ಕ್ಕೆ ಅಂದ್ಳು. ಬರೆದ್ಳು. 2017ರ ಎರಡನೇದು, 2018ರ ಮೊದಲನೇದು. 2018ರ ಎರಡನೇದಕ್ಕೆ ಗೆರೆ 2000ದ ಜನವರಿ 2, ನವೆಂಬರಲ್ಲಿ ಹುಟ್ಟಿದೋನು ಹೊರಗೆ. ಎರಡೇ ಸಲ. ನನಗೆ ನಂಬಿಕೆ ಬರ್ಲಿಲ್ಲ, ಪೆನ್ಸಿಲ್ ಕಿತ್ಕೊಂಡು ಓಟಿಎಗೂ ಹಾಕಿ ನೋಡಿದೆ, ಫೈನಲ್ ಇಯರಿಂದ ಎಣಿಸಿದ್ರೆ ಮೇಷ್ಟ್ರ ತಾರೀಖಲ್ಲಿ ಎಂಟು ಸಲ, ಅಜ್ಜಿಯ ತಾರೀಖಲ್ಲಿ ಏಳು. ಅಲ್ಲೂ ಒಂದು ಕಮ್ಮಿ.

ಎಸ್‌ಎಸ್‌ಬಿ ಇಂಟರ್‌ವ್ಯೂನಲ್ಲಿ ಆ ಸಮಾಧಾನದ ಮನುಷ್ಯನ ಮುಂದೆ ಹೇಳಿದ್ದ ಕಥೆ ಪೂರ್ತಿ ತಿರುಗುಮುರುಗು.

ಮೇಷ್ಟ್ರು ರಿಟೈರ್ ಆಗಿ ರಾಮನಾಥಪುರದಲ್ಲೇ ಇದಾರೆ, ಸುಬ್ರಹ್ಮಣ್ಯನ ಜಾತ್ರೇಲಿ ಪ್ರತಿ ವರ್ಷ ಸಿಗ್ತಾರೆ, ಏನಪ್ಪಾ ಮಿಲಿಟ್ರಿ ಅಂತಾನೇ ಕರೀತಾರೆ, ನಾನು ಹಲ್ಲು ಕಿರಿದು ತಪ್ಪಿಸ್ಕೊಂಡು ಹೋಗ್ತಿದ್ದೆ. ಈ ಸಲ ನಿಂತು ಮಾತಾಡಿಸ್ಬೇಕು. ಪುಟ್ಟಿ ಆ ಹಾಳೆ ಹರಿದು ಕೊಟ್ಟಿದಾಳೆ, ಜೇಬಲ್ಲೇ ಇದೆ. ಆದ್ರೆ ತೋರ್ಸೋದು ಅನುಮಾನ, ಮೇಷ್ಟ್ರು ಗಣಿತದೋರು, ಲೆಕ್ಕಕ್ಕಿಂತ ಮುಂಚೆ ಅಂಕಿ ಸಾಲಾಗಿ ಬರೆದಿಲ್ಲ ಅಂತ ಬೈತಾರೆ.